ಮೂರು ರೆಪ್ಪೆಯ ಕಣ್ಣು

ಯಾದಗಿರಿ ಜಿಲ್ಲೆಯ ವಡಗೇರಾ ಸೀಮೆಯ ಊರುಗಳಲ್ಲಿ ಕೋಳಿಗೆ ಕಾಯಿಲೆ ಬಂದದ್ದು ಮೊದಲು ಗೊತ್ತಾಗುವುದು ಮನೆಯ ಹೆಣ್ಣುಮಕ್ಕಳಿಗೆ. ಬೆಳಗ್ಗೆ ಬುಟ್ಟಿ ಎತ್ತಿದಾಗ ಉಳಿದವೆಲ್ಲ ತಿಪ್ಪೆಯ ಕಡೆ ಓಡುತ್ತವೆ, ಒಂದು ಮಾತ್ರ ಗೋಡೆಯ ಮಗ್ಗುಲಿಗೆ ನಿಂತು ತಲೆಯನ್ನು ರೆಕ್ಕೆಗೆ ಉಜ್ಜಿಕೊಳ್ಳುತ್ತಿರುತ್ತದೆ. ಹಿಡಿದು ನೋಡಿದರೆ ಒಂದು ಕಣ್ಣು ಮುಚ್ಚಿದೆ, ರೆಪ್ಪೆಗಳು ಅಂಟಿಕೊಂಡಿವೆ. ‘ಕೋಳಿಗಿ ಕಣ್ಣು ಬಂದದ’ ಎಂಬ ಮಾತಿನ ಬೆನ್ನಿಗೇ ಬರುವ ಪ್ರಶ್ನೆ, ‘ಏನ್ ಹಾಕಬೇಕ್ರೀ?’

ಪ್ರಶ್ನೆ ಸಹಜವಾದದ್ದು. ಉತ್ತರ ಕೊಡುವವರು ಮಾತ್ರ ಸ್ವಲ್ಪ ತಡೆಯಬೇಕು. ಕೋಳಿಯ ಕಣ್ಣನ್ನು ಮುಚ್ಚಿಸುವ ಕಾರಣಗಳು ಕಡಿಮೆಯೆಂದರೂ ಆರೇಳು ಇವೆ, ಮತ್ತು ದೂರದಿಂದ ಅವೆಲ್ಲ ಒಂದೇ ರೀತಿ ಕಾಣುತ್ತವೆ. ಒಂದಕ್ಕೆ ಆ್ಯಂಟಿಬಯಾಟಿಕ್ ಬೇಕು, ಇನ್ನೊಂದಕ್ಕೆ ಹಸಿರು ಸೊಪ್ಪು ಬೇಕು, ಮತ್ತೊಂದಕ್ಕೆ ಚಿಮಟ ಹಿಡಿದ ವೈದ್ಯರ ಕೈ ಬೇಕು. ಒಂದೆರಡಕ್ಕಂತೂ ಮದ್ದೇ ಇಲ್ಲ, ಆರೈಕೆಯಷ್ಟೇ. ಯಾವುದೆಂದು ನೋಡದೆ ಹಾಕಿದ ಹನಿ ಎಷ್ಟೋ ಸಲ ವ್ಯರ್ಥ, ಕೆಲವು ಸಲ ಅಪಾಯ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವ ಹಾಗಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಲುಗಳಲ್ಲಿ ಸುಮಾರು 31.7 ಕೋಟಿ ಕೋಳಿಗಳಿದ್ದವು. 2012ರ ಗಣತಿಗೆ ಹೋಲಿಸಿದರೆ ಅದು ಶೇ 45ಕ್ಕೂ ಹೆಚ್ಚಿನ ಏರಿಕೆ. ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲದಲ್ಲಿ ಜವಾರಿ ಕೋಳಿಯೆಂದರೆ ಹೊಲವಿಲ್ಲದ ಮನೆಗೂ ಇರುವ ಆಸ್ತಿ. ಬೀಗರು ಬಂದರೆ ಅಡುಗೆಗೆ, ಮಕ್ಕಳ ನೋಟುಬುಕ್ಕಿಗೆ ದುಡ್ಡು ಬೇಕಾದರೆ ಸಂತೆಗೆ. ಆ ದುಡ್ಡು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ಉಳಿಯುವಂಥದ್ದು. ಹತ್ತು ಕೋಳಿಯ ಮನೆಯಲ್ಲಿ ನಾಲ್ಕಕ್ಕೆ ಕಣ್ಣು ಹೋದರೆ ಆ ಮನೆಯ ಪಾಲಿಗೆ ಅದು ದೊಡ್ಡ ನಷ್ಟವೇ.

ಕಾಯಿಲೆಗೆ ಹೋಗುವ ಮೊದಲು ಕಣ್ಣನ್ನೇ ನೋಡಬೇಕು. ಕೋಳಿಯ ಒಂದೊಂದು ಕಣ್ಣಿಗೂ ಮೂರು ರೆಪ್ಪೆಗಳಿವೆ. ಮೇಲಿನದು ಮತ್ತು ಕೆಳಗಿನದು ನಮಗಿರುವಂಥವೇ, ಆದರೆ ಕಣ್ಣು ಮುಚ್ಚುವ ಕೆಲಸದ ಹೆಚ್ಚಿನ ಪಾಲು ಕೆಳರೆಪ್ಪೆಯದು. ಮೂರನೆಯದು ಕೊಕ್ಕಿನ ಕಡೆಯ ಮೂಲೆಯಿಂದ ಅಡ್ಡಲಾಗಿ ಸರಿದು ಕಣ್ಣುಗುಡ್ಡೆಯನ್ನು ಒರೆಸಿ ಹಿಂದಕ್ಕೆ ಹೋಗುವ ತೆಳು ಪೊರೆ. ಧೂಳಿನಲ್ಲಿ ಕೆದರುವ, ಮುಳ್ಳುಕಂಟಿಯೊಳಗೆ ನುಗ್ಗುವ ಹಕ್ಕಿಗೆ ಇದು ದೊಡ್ಡ ರಕ್ಷಣೆ. ಮನುಷ್ಯರ ಕಣ್ಣಿನ ಒಳಮೂಲೆಯಲ್ಲಿ ಗುಲಾಬಿ ಬಣ್ಣದ ಪುಟ್ಟ ಮಡಿಕೆಯೊಂದಿದೆಯಲ್ಲ, ಅದು ಇದೇ ಮೂರನೇ ರೆಪ್ಪೆಯ ಉಳಿಕೆ. ಸುಸ್ತಾದ ಕೋಳಿಯಲ್ಲಿ ಈ ಪೊರೆ ಅರ್ಧಕ್ಕೇ ನಿಂತಿರುವುದುಂಟು. ಅದನ್ನು ಕಂಡು ಕಣ್ಣಿಗೆ ಪೊರೆ ಬಂತೆಂದು ಉಗುರಿನಿಂದ ಕೀಳಲು ಹೋಗುವವರಿದ್ದಾರೆ. ಕೀಳಬಾರದು. ಅದು ರೋಗವಲ್ಲ, ಅಂಗ.

ಕಣ್ಣಿನ ಕೆಳಗೆ, ಕೆನ್ನೆಯ ಚರ್ಮದ ಅಡಿಯಲ್ಲೇ, ಒಂದು ಗಾಳಿಯ ಪೊಳ್ಳು ಇದೆ. ಇದರ ಹೊರಗೋಡೆಯಲ್ಲಿ ಮೂಳೆಯಿಲ್ಲ, ಚರ್ಮ ಮತ್ತು ಮೆದು ಅಂಗಾಂಶ ಮಾತ್ರ. ಹೊರಹೋಗುವ ಕಿಂಡಿ ಮೇಲ್ಭಾಗದಲ್ಲಿರುವುದರಿಂದ ಒಳಗೆ ಸೇರಿದ ದ್ರವ ಸುಲಭವಾಗಿ ಇಳಿದುಹೋಗುವುದಿಲ್ಲ. ಹೀಗಾಗಿ ಮೂಗಿನಲ್ಲಿ ಶುರುವಾದ ಸೋಂಕು ಕಣ್ಣಿನ ಬುಡದಲ್ಲಿ ಬಾವಾಗಿ ಕಾಣಿಸಿಕೊಳ್ಳುತ್ತದೆ. ಜನ ಕಣ್ಣಿನ ಕಾಯಿಲೆ ಎಂದು ತರುವ ಕೋಳಿಗಳಲ್ಲಿ ಬಹಳಷ್ಟಕ್ಕೆ ಇರುವುದು ಮೂಗಿನ, ಉಸಿರಿನ ಕಾಯಿಲೆ.

ಇನ್ನೊಂದು ಸಂಗತಿ ಕೀವಿನದು. ಮನುಷ್ಯರ, ದನಕರುಗಳ ಕೀವು ನೀರಾಗಿ ಹರಿಯುತ್ತದೆ. ಕೋಳಿಯದು ಹರಿಯುವುದಿಲ್ಲ. ಕೀವನ್ನು ಕರಗಿಸಲು ನೆರವಾಗುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ನಮ್ಮ ಬಿಳಿ ರಕ್ತಕಣಗಳಲ್ಲಿದೆ, ಕೋಳಿಯ ಅದೇ ಬಗೆಯ ಕಣಗಳಲ್ಲಿ ಇಲ್ಲ. ಅದರಿಂದಾಗಿ ಕೋಳಿಯ ಕೀವು ಹುಟ್ಟಿದ ಕೆಲವೇ ದಿನಗಳಲ್ಲಿ ಗಿಣ್ಣದ ಹಾಗೆ ಗಟ್ಟಿಯಾಗಿ, ರೆಪ್ಪೆಯ ಒಳಗೆ ಹಳದಿ ಬಿಲ್ಲೆಯಾಗಿ ಕೂರುತ್ತದೆ. ಅದರ ಒಳಗೆ ರಕ್ತನಾಳಗಳಿಲ್ಲ. ನೀರಿನಲ್ಲಿ ಕೊಟ್ಟ ಮದ್ದು ರಕ್ತಕ್ಕೆ ಸೇರಿದರೂ ಬಿಲ್ಲೆಯ ನಡುವಿಗೆ ತಲುಪದು, ಮೇಲಿಂದ ಹಾಕಿದ ಹನಿ ಬಿಲ್ಲೆಯ ಮೇಲೇ ಉಳಿದುಬಿಡುತ್ತದೆ. ಐದು ದಿನ ಮದ್ದು ಹಾಕಿದರೂ ಕಣ್ಣು ತೆರೆಯಲಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಬಿಲ್ಲೆ. ಮೊದಲು ಅದು ಹೊರಬರಬೇಕು, ಮದ್ದು ಆಮೇಲೆ.

ಒಂದು ಕಣ್ಣು ಹೋದರೆ ಇನ್ನೊಂದಿದೆಯಲ್ಲ ಎಂದು ಬಿಡುವಂತೆಯೂ ಇಲ್ಲ. ಮೊಟ್ಟೆಯೊಳಗಿನ ಮರಿ ಕೊನೆಯ ದಿನಗಳಲ್ಲಿ ಮುದುಡಿ ಮಲಗಿರುವಾಗ ಅದರ ಎಡಗಣ್ಣು ಮೈಗೆ ಒತ್ತಿಕೊಂಡಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಚಿಪ್ಪನ್ನು ದಾಟಿ ಬರುವ ಬೆಳಕು ಬೀಳುವುದು ಬಲಗಣ್ಣಿಗೆ ಮಾತ್ರ. ಈ ಬೆಳಕಿನಿಂದಲೇ ಮರಿಯ ಮಿದುಳಿನ ಎರಡು ಬದಿಗಳು ಬೇರೆ ಬೇರೆ ಕೆಲಸಕ್ಕೆ ಪಳಗುತ್ತವೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿ ಲೆಸ್ಲಿ ರೋಜರ್ಸ್ 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬಲಗಣ್ಣಿನಿಂದ ನೋಡುವ ಮರಿ ಕಾಳನ್ನೂ ಹರಳನ್ನೂ ಚೆನ್ನಾಗಿ ಬೇರೆ ಮಾಡಬಲ್ಲದು. ಮೇಲಿಂದ ಎರಗುವ ಹದ್ದಿನ ಎಚ್ಚರ ಹೆಚ್ಚಾಗಿ ಎಡಗಣ್ಣಿನದು. ತೆರೆದ ಬಯಲಿನಲ್ಲಿ ಮೇಯುವ ಜವಾರಿ ಮರಿಗೆ ಎರಡೂ ಬೇಕೇ ಬೇಕು.

ಹಾಗಾದರೆ ನೋಡುವುದು ಹೇಗೆ? ಬೆಳಕಿಗೆ ಹಿಡಿದು, ಎರಡೂ ಕಣ್ಣು, ಮೂಗಿನ ಹೊಳ್ಳೆ, ಬಾಯಿಯ ಒಳಗು, ಜುಟ್ಟು ಎಲ್ಲವನ್ನೂ ನೋಡಬೇಕು. ಮೂಗು ಹತ್ತಿರ ಒಯ್ದು ವಾಸನೆಯನ್ನೂ ನೋಡಬೇಕು.

ಮುಖ ಒಂದು ಕಡೆ ಉಬ್ಬಿ, ಮೂಗಿನಿಂದ ಸಿಂಬಳ ಸುರಿದು, ಕೆಟ್ಟ ನಾತ ಬರುತ್ತಿದ್ದರೆ ಮೊದಲ ಅನುಮಾನ ಕೊರೈಜಾ ಎಂಬ ನೆಗಡಿ ರೋಗದ ಮೇಲೆ. ಇದರ ಬ್ಯಾಕ್ಟೀರಿಯಾದ ಹೆಸರು ಏವಿಬ್ಯಾಕ್ಟೀರಿಯಮ್ ಪ್ಯಾರಾಗ್ಯಾಲಿನಾರಮ್. ಸೋಂಕು ತಗಲಿದ ಒಂದರಿಂದ ಮೂರು ದಿನದೊಳಗೆ ಮುಖ ಬಾಯುತ್ತದೆ, ಕುಡಿಯುವ ನೀರಿನ ಬೋಗುಣಿಯಿಂದ ಒಂದರಿಂದ ಒಂದಕ್ಕೆ ದಾಟುತ್ತದೆ. ಹಕ್ಕಿಯ ಮೈಯಿಂದ ಹೊರಗೆ ಬಿದ್ದ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ ಎಂಬುದು ಸಮಾಧಾನದ ಮಾತು. ಕಷ್ಟವೆಂದರೆ ವಾಸಿಯಾದ ಕೋಳಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದು ಒಳಗೆ ರೋಗಾಣುವನ್ನು ಸಾಕಿಕೊಂಡಿರಬಹುದು. ಸಂತೆಯಿಂದ ತಂದ ಚಂದದ ಹುಂಜ ಮನೆಗೆ ಬಂದ ವಾರದಲ್ಲಿ ಹಳೆಯ ಕೋಳಿಗಳ ಮುಖ ಊದಿಕೊಳ್ಳುವುದರ ಗುಟ್ಟು ಇದು. ಹೊಸದನ್ನು ಎರಡು ಮೂರು ವಾರ ಬೇರೆ ಕಟ್ಟಿ, ಬೇರೆ ನೀರು ಇಡುವುದಕ್ಕೆ ಖರ್ಚೇನೂ ಇಲ್ಲ.

ಮುಖ ಅಷ್ಟಾಗಿ ಊದಿಲ್ಲ, ಆದರೆ ಕಣ್ಣಿನ ಮೂಲೆಯಲ್ಲಿ ಬಿಳಿ ನೊರೆ, ಉಸಿರಿನಲ್ಲಿ ಗೊರಗೊರ ಸದ್ದು ಇದ್ದರೆ ಅದು ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ತರುವ ದೀರ್ಘಕಾಲದ ಉಸಿರಾಟದ ಕಾಯಿಲೆ ಇರಬಹುದು. ಪಶುವೈದ್ಯರು ಇದನ್ನು ಸಿಆರ್‌ಡಿ ಎನ್ನುತ್ತಾರೆ. ಈ ಜೀವಾಣುವಿಗೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್ ಕೆಲಸ ಮಾಡುವುದು ಕೋಶಭಿತ್ತಿಯನ್ನು ಕಟ್ಟಲು ಬಿಡದೆ. ಆದ್ದರಿಂದ ಆ ಗುಂಪಿನ ಯಾವ ಮದ್ದೂ ಇಲ್ಲಿ ನಾಟುವುದಿಲ್ಲ. ಟೈಲೋಸಿನ್ ಅಥವಾ ಟೆಟ್ರಾಸೈಕ್ಲಿನ್ ಗುಂಪಿನವು ಬೇಕಾಗುತ್ತವೆ, ಅವೂ ರೋಗವನ್ನು ತಗ್ಗಿಸುತ್ತವೆಯೇ ಹೊರತು ಬೇರು ಸಮೇತ ಕೀಳುವುದಿಲ್ಲ. ಇದು ಮೊಟ್ಟೆಯ ಮೂಲಕವೂ ತಾಯಿಯಿಂದ ಮರಿಗೆ ಇಳಿಯುತ್ತದೆ. ಅಂಥ ಹೇಂಟೆಯನ್ನು ಕಾವಿಗೆ ಕೂರಿಸುವುದು ಸರಿಯಲ್ಲ.

ಈ ಜೀವಾಣು ಒಮ್ಮೆ ಕೋಳಿಗೂಡನ್ನು ದಾಟಿ ಹೋದದ್ದರ ದಾಖಲೆ ಇದೆ. 1994ರ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಸುತ್ತಮುತ್ತ, ಹಕ್ಕಿಗಳಿಗೆಂದು ಅಂಗಳದಲ್ಲಿ ಕಾಳಿಡುವವರು ಹೌಸ್ ಫಿಂಚ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿಗಳ ಕಣ್ಣು ಊದಿ ಮುಚ್ಚಿಹೋಗಿರುವುದನ್ನು ಕಂಡರು. ಪರೀಕ್ಷಿಸಿದಾಗ ಸಿಕ್ಕಿದ್ದು ಕೋಳಿಗಳ ಮೈಕೋಪ್ಲಾಸ್ಮಾ. ಕೆಲವೇ ವರ್ಷಗಳಲ್ಲಿ ಅದು ದೇಶದ ಪೂರ್ವ ಭಾಗವನ್ನೆಲ್ಲ ಆವರಿಸಿತು, ಎಷ್ಟೋ ಕಡೆ ಫಿಂಚ್‌ಗಳ ಸಂಖ್ಯೆ ಅರ್ಧದಷ್ಟಕ್ಕೆ ಇಳಿಯಿತು. ಸೋಂಕು ಅವುಗಳನ್ನು ನೇರವಾಗಿ ಕೊಂದದ್ದು ಕಡಿಮೆ. ಕಣ್ಣು ಕಾಣದೆ ಕಾಳು ಸಿಗಲಿಲ್ಲ, ಬೆಕ್ಕು ಬಂದದ್ದು ತಿಳಿಯಲಿಲ್ಲ. ಹಿತ್ತಲ ಕೋಳಿಗೂ ಇದೇ ಗತಿ. ಕಣ್ಣು ಮುಚ್ಚಿದ ಕೋಳಿ ಸಾಯುವುದು ಬಹುಪಾಲು ಹಸಿವಿನಿಂದ, ಬಾಯಾರಿಕೆಯಿಂದ. ಕಾಳು ನೀರು ಕೊಕ್ಕಿನ ಮುಂದೆಯೇ ಇಟ್ಟು, ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿ ಕುಡಿಸುವುದು ಚಿಕಿತ್ಸೆಯ ಮುಖ್ಯ ಭಾಗ ಎನ್ನುವುದು ಇದಕ್ಕೇ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ, ವಡಗೇರಾದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ನಿಂತ ನೀರಿನ ಜೊತೆ ಸೊಳ್ಳೆಯೂ ಬಂತು. ಕೋಳಿ ಸಿಡುಬು ಹರಡುವುದರಲ್ಲಿ ಸೊಳ್ಳೆಯ ಪಾತ್ರ ದೊಡ್ಡದು. ಜುಟ್ಟು, ಗಲ್ಲ, ರೆಪ್ಪೆಯ ಅಂಚಿನಲ್ಲಿ ಗಂಟುಗಳೆದ್ದು, ಒಣಗಿ ಕಂದು ಹಕ್ಕಳೆಯಾಗುತ್ತವೆ, ರೆಪ್ಪೆಗಳು ಅದರಡಿ ಸೇರಿಕೊಂಡು ಕಣ್ಣು ಮುಚ್ಚುತ್ತದೆ. ಇದು ವೈರಸ್ಸಿನ ಕಾಯಿಲೆ, ಆ್ಯಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ. ಹಕ್ಕಳೆ ಕಿತ್ತರೆ ರಕ್ತ ಬರುತ್ತದೆ, ಉದುರಿದ ಚೂರಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಕಣ್ಣನ್ನು ಮೆತ್ತಗೆ ಒರೆಸುತ್ತ, ತಿನ್ನಿಸಿ ಕುಡಿಸುತ್ತ ಎರಡು ಮೂರು ವಾರ ಕಾಪಾಡಿಕೊಂಡರೆ ಬಹಳಷ್ಟು ಕೋಳಿಗಳು ತಾವಾಗಿ ಚೇತರಿಸಿಕೊಳ್ಳುತ್ತವೆ. ಬಾಯಿ ಗಂಟಲಿನಲ್ಲೂ ಪದರ ಕಟ್ಟಿದರೆ ಉಳಿಯುವುದು ಕಷ್ಟ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುವ ಲಸಿಕೆಯೊಂದೇ ಇದಕ್ಕೆ ಭದ್ರ ಉಪಾಯ. ಕೋಳಿಯ ಈ ಸಿಡುಬು ಮನುಷ್ಯರಿಗೆ ಅಂಟುವುದಿಲ್ಲ.

ಈಗ ಬೇಸಿಗೆಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಒಣಭೂಮಿಯ ಊರುಗಳಲ್ಲಿ ಕಣ್ಣಿಗೆ ಹಸಿರೆಂಬುದೇ ಬೀಳದು. ಕೋಳಿಗೆ ಸಿಗುವುದು ಬಿಳಿಜೋಳ, ನುಚ್ಚಕ್ಕಿ, ಅನ್ನದ ಅಗುಳು. ಇವು ಮೂರರಲ್ಲೂ ಪಿಷ್ಟ ಬೇಕಾದಷ್ಟಿದೆ, ‘ಎ’ ಜೀವಸತ್ವವಾಗಿ ಬದಲಾಗುವ ಕೆರೋಟಿನ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಹುಲ್ಲು, ಚಿಗುರು ತಿಂದು ಪಿತ್ತಜನಕಾಂಗದಲ್ಲಿ ಕೂಡಿಟ್ಟ ದಾಸ್ತಾನು ಕೆಲವು ವಾರ, ತಿಂಗಳು ಸಾಗಿಸುತ್ತದೆ. ಅದು ಮುಗಿದ ಮೇಲೆ ಕಣ್ಣು, ಮೂಗು, ಗಂಟಲಿನ ಒಳಪದರ ತನ್ನ ತೇವ ಕಳೆದುಕೊಂಡು ಗಡಸಾಗತೊಡಗುತ್ತದೆ. ಕಣ್ಣೀರಿನ ಹಾಗೂ ಲೋಳೆಯ ಗ್ರಂಥಿಗಳ ಬಾಯಿ ಕಟ್ಟುತ್ತದೆ. ಮೊದಲು ನೀರು ಸುರಿಯುತ್ತದೆ, ಆಮೇಲೆ ರೆಪ್ಪೆ ಅಂಟುತ್ತದೆ, ಕೊನೆಗೆ ಬಿಳಿ ಗಟ್ಟಿ ವಸ್ತು ಕಣ್ಣು ತುಂಬುತ್ತದೆ.

‘ಎ’ ಜೀವಸತ್ವದ ಈ ಕೊರತೆಯನ್ನು ಕೊರೈಜಾದಿಂದ ಬೇರೆ ಮಾಡುವ ಸುಳಿವುಗಳಿವೆ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬಂದಿರುತ್ತದೆ, ಕೊಳೆತ ನಾತ ಇರುವುದಿಲ್ಲ, ಒಂದೆರಡು ದಿನದಲ್ಲಿ ಹಿಂಡಿಗೆಲ್ಲ ಹರಡುವುದಿಲ್ಲ. ಕೊಕ್ಕು ಅಗಲಿಸಿ ಬೆಳಕಿಗೆ ಹಿಡಿದರೆ ಬಾಯಿ ಗಂಟಲಿನಲ್ಲಿ ಗುಂಡುಸೂಜಿ ತಲೆಯಷ್ಟು ಬಿಳಿ ಗುಳ್ಳೆಗಳು ಕಾಣುತ್ತವೆ. ಇದಕ್ಕೆ ಯಾವ ಟ್ಯೂಬೂ ಮದ್ದಲ್ಲ. ನುಗ್ಗಿ ತಪ್ಪಲು, ರಾಜಗಿರಿ, ಪಾಲಕ, ಕಾಲುವೆ ದಂಡೆಯ ಹಸಿ ಹುಲ್ಲನ್ನು ಸಣ್ಣಗೆ ಕೊಚ್ಚಿ ದಿನವೂ ಹಾಕಬೇಕು, ಬಿಳಿಜೋಳದ ಒಂದಷ್ಟು ಪಾಲಿಗೆ ಬದಲು ಹಳದಿ ಗೋವಿನಜೋಳದ ನುಚ್ಚು ಕೊಡಬೇಕು. ಕಣ್ಣುಗುಡ್ಡೆಗೆ ಪೆಟ್ಟು ಬಿದ್ದಿರದಿದ್ದರೆ ಹಕ್ಕಿ ಚೇತರಿಸಿಕೊಳ್ಳುತ್ತದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಕುಡಿಸುವ ‘ಎ’ ಜೀವಸತ್ವದ ದ್ರಾವಣವನ್ನು ಕೋಳಿಗೆ ಹಾಕುವ ಯೋಚನೆ ಮಾತ್ರ ಬೇಡ. ಅದರ ಒಂದು ಮಿಲಿಲೀಟರಿನಲ್ಲಿ 1 ಲಕ್ಷ ಯೂನಿಟ್ ಇರುತ್ತದೆ, ಕೋಳಿಯಂಥ ಪುಟ್ಟ ಮೈಗೆ ಅದು ವಿಷವಾಗುವಷ್ಟು.

ಈ ಜೀವಸತ್ವದ ಚರಿತ್ರೆಯೂ ಕಣ್ಣಿನಿಂದಲೇ ಶುರುವಾದದ್ದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ 1913ರಲ್ಲಿ, ಬೆಣ್ಣೆಯಲ್ಲಿ ಇದ್ದು ಹಂದಿಯ ಕೊಬ್ಬಿನಲ್ಲಿ ಇಲ್ಲದ ಯಾವುದೋ ಒಂದು ಅಂಶವಿಲ್ಲದೆ ಇಲಿಗಳು ಬೆಳೆಯುವುದಿಲ್ಲ ಎಂದು ಪ್ರಕಟಿಸಿದರು. ಅದಿಲ್ಲದ ಆಹಾರ ತಿಂದ ಇಲಿಗಳ ಕಣ್ಣು ಊದಿ ಹುಣ್ಣಾಗುತ್ತಿತ್ತು. ಕೂಸುಗಳ ಇರುಳುಗಣ್ಣಿಗೂ ಹಿತ್ತಲ ಕೋಳಿಯ ಅಂಟುಗಣ್ಣಿಗೂ ಹಿಂದಿರುವುದು ಅದೇ ಕೊರತೆ. ಮನೆ ಮುಂದೆ ಒಂದು ನುಗ್ಗಿ ಗಿಡ ನೆಟ್ಟರೆ ಇಬ್ಬರಿಗೂ ಆಗುತ್ತದೆ.

ಇನ್ನೊಂದು ಕಾರಣವನ್ನು ಕೇಳಿದವರು ಮೊದಲು ನಂಬುವುದಿಲ್ಲ. ಮೂರನೇ ರೆಪ್ಪೆಯ ಅಡಿಯಲ್ಲಿ, ಒಂದೂವರೆ ಸೆಂಟಿಮೀಟರ್ ಉದ್ದದ ಬಿಳಿ ದಾರದಂಥ ಹುಳುಗಳು ಹರಿದಾಡುತ್ತಿರುತ್ತವೆ. ಹೆಸರು ಆಕ್ಸಿಸ್ಪಿರೂರಾ ಮ್ಯಾನ್ಸನೈ. ಹುಳು ಕಣ್ಣಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಕಣ್ಣೀರಿನ ನಾಳದಲ್ಲಿ ಇಳಿದು ಬಾಯಿಗೆ, ಹೊಟ್ಟೆಗೆ, ಕೊನೆಗೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಅದನ್ನು ತಿನ್ನುವುದು ಸುರಿನಾಮ್ ಜಿರಳೆ. ತಿಪ್ಪೆಯೊಳಗೆ, ಸಡಿಲ ಮಣ್ಣಿನಲ್ಲಿ ಕೊರೆದುಕೊಂಡು ಬದುಕುವ ಈ ಜಿರಳೆಗಳಲ್ಲಿ ಹೆಚ್ಚಾಗಿ ಹೆಣ್ಣುಗಳೇ ಇರುತ್ತವೆ, ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ. ತಿಪ್ಪೆ ಕೆದರಿದ ಕೋಳಿ ಜಿರಳೆಯನ್ನು ನುಂಗುತ್ತದೆ. ಜಿರಳೆಯ ಮೈಯಲ್ಲಿ ಬೆಳೆದ ಹುಳುಮರಿ ಕೋಳಿಯ ಗಂಟಲಚೀಲದಲ್ಲಿ ಬಿಡುಗಡೆಯಾಗಿ, ಅನ್ನನಾಳದಲ್ಲಿ ಮೇಲಕ್ಕೆ ಹತ್ತಿ, ಬಾಯಿಯ ಮೇಲ್ಛಾವಣಿಯ ಸೀಳಿನ ಮೂಲಕ ಕಣ್ಣೀರಿನ ನಾಳ ಹೊಕ್ಕು ಕಣ್ಣು ಸೇರುತ್ತದೆ. ಇಷ್ಟು ಪ್ರಯಾಣಕ್ಕೆ ಅದಕ್ಕೆ ಕೆಲವು ನಿಮಿಷ ಸಾಕು.

ಹುಳುವಿನ ಹೆಸರಿನಲ್ಲಿರುವುದು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ. ಸ್ಕಾಟ್ಲೆಂಡಿನಿಂದ ಹೋಗಿ ಚೀನಾದ ಅಮಾಯ್ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಮ್ಯಾನ್ಸನ್, ಆನೆಕಾಲು ರೋಗದ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆ ಎಂಬುದನ್ನು 1877ರಲ್ಲಿ ಕಂಡುಕೊಂಡರು. ಎರಡು ವರ್ಷದ ತರುವಾಯ, 1879ರಲ್ಲಿ, ಇಂಗ್ಲೆಂಡಿನ ಹುಳುತಜ್ಞ ಕಾಬೊಲ್ಡ್ ಈ ಕಣ್ಣುಹುಳುವಿಗೆ ಮ್ಯಾನ್ಸನ್ ಹೆಸರಿಟ್ಟರು. ಯಾದಗಿರಿಯ ಓದುಗರಿಗೆ ಇದು ದೂರದ ಕಥೆಯೇನಲ್ಲ. ಇದು ಆನೆಕಾಲು ರೋಗ ಇರುವ ಜಿಲ್ಲೆ. ಐವರ್‌ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಈ ಮೂರನ್ನೂ ಒಟ್ಟಿಗೆ ನುಂಗಿಸುವ ಸಾಮೂಹಿಕ ಕಾರ್ಯಕ್ರಮ ದೇಶದಲ್ಲಿ ಮೊದಲು ಶುರುವಾದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಮನೆ ಬಾಗಿಲಿಗೆ ಬಂದು ಕಣ್ಣೆದುರೇ ನುಂಗಿಸಿದ ಆ ಐವರ್‌ಮೆಕ್ಟಿನ್ ಗುಳಿಗೆಯ ಗುಂಪಿನ ಮದ್ದನ್ನೇ ಪಶುವೈದ್ಯರು ಕಣ್ಣುಹುಳುವಿಗೂ ಬಳಸುವುದುಂಟು. ಎಷ್ಟು, ಹೇಗೆ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಅವರೇ ಹೇಳಬೇಕು. ಹೆಚ್ಚಿನ ಸಲ ಕಣ್ಣು ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಎತ್ತಿ, ಹುಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯುತ್ತಾರೆ. ತಿಪ್ಪೆಯನ್ನು ಕೋಳಿಗೂಡಿನಿಂದ ದೂರ ಇಟ್ಟರೆ ಮರಳಿ ಬರುವುದು ಕಡಿಮೆಯಾಗುತ್ತದೆ.

ಕಾರಣ ಕೆಲವು ಸಲ ಬರೀ ಗಾಳಿಯಲ್ಲಿರುತ್ತದೆ. ಹಸಿ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯ ಹುಟ್ಟುತ್ತದೆ. ಹತ್ತು ಲಕ್ಷ ಭಾಗ ಗಾಳಿಗೆ 25 ಭಾಗಕ್ಕಿಂತ ಹೆಚ್ಚಾಗಬಾರದು ಎಂಬುದು ಕೋಳಿಸಾಕಣೆಯವರು ಇಟ್ಟುಕೊಂಡ ಮಿತಿ. ಮಳೆಗಾಲದಲ್ಲಿ ಗೋಣಿಚೀಲ ಮುಚ್ಚಿದ ಬುಟ್ಟಿಯಡಿ ರಾತ್ರಿಯಿಡೀ ಕುಳಿತ ಮರಿಗಳು ಅದಕ್ಕಿಂತ ಹೆಚ್ಚನ್ನೇ ಉಂಡಿರಬಹುದು. ಎಲ್ಲ ಮರಿಗಳೂ ಒಟ್ಟಿಗೆ ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ, ಬುಟ್ಟಿ ಎತ್ತಿದ ಕೂಡಲೇ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಬೇಕು. ನಮ್ಮ ಕಣ್ಣು ಉರಿದರೆ ಕಾರಣ ಸಿಕ್ಕಂತೆ. ಒಣ ಭತ್ತದ ಹೊಟ್ಟು ಹಾಸಿ, ದಿನವೂ ಬದಲಿಸಿ, ಗಾಳಿಗೆ ದಾರಿ ಬಿಟ್ಟರೆ ಸಾಕು. ಸುಣ್ಣ ಎರಚುವುದು ಬೇಡ, ಹಸಿ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯ ಇನ್ನಷ್ಟು ಏಳುತ್ತದೆ.

ಚಿಕಿತ್ಸೆಯ ಕೈಕೆಲಸ ಸಂಜೆ ಮಾಡುವುದು ಒಳ್ಳೆಯದು, ಕತ್ತಲಾದಂತೆ ಕೋಳಿ ಸುಮ್ಮನಾಗುತ್ತದೆ. ಹಳೆಯ ಟವೆಲಿನಲ್ಲಿ ರೆಕ್ಕೆ ಸಮೇತ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಎದೆಯನ್ನು ಮಾತ್ರ ಒತ್ತಬಾರದು. ಹಕ್ಕಿ ಉಸಿರಾಡುವುದು ಎದೆಗೂಡನ್ನು ಹಿಗ್ಗಿಸಿ. ಒಂದು ಲೀಟರ್ ನೀರನ್ನು ಕುದಿಸಿ ಆರಿಸಿ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ, ಉಪ್ಪು ಕರಗಿಸಿದರೆ ಕಣ್ಣೀರಿಗೆ ಹತ್ತಿರದ ಉಪ್ಪುನೀರು ಸಿದ್ಧ. ಉಗುರುಬೆಚ್ಚಗಿರುವಾಗ ಅದರಲ್ಲಿ ಅದ್ದಿದ ಅರಳೆಯನ್ನು ಮುಚ್ಚಿದ ಕಣ್ಣಿನ ಮೇಲೆ ನಾಲ್ಕೈದು ನಿಮಿಷ ಇಟ್ಟರೆ ಅಂಟು ಸಡಿಲವಾಗುತ್ತದೆ. ರೆಪ್ಪೆ ತಾನಾಗಿ ಬಿಟ್ಟುಕೊಂಡಾಗ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಬೇಕು. ಬಿಲ್ಲೆ ಸಡಿಲವಾಗಿದ್ದರೆ ಕೆಳರೆಪ್ಪೆಯನ್ನು ಮೆತ್ತಗೆ ಒತ್ತಿದಾಗ ಜಾರಿ ಬರುತ್ತದೆ. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿನ ಕೆಳಗಿನ ಬಾವನ್ನು ಬ್ಲೇಡಿನಿಂದ ಸೀಳುವುದು ಮನೆಯ ಕೆಲಸವಲ್ಲ. ಒಂದು ಅರಳೆ ಒಂದೇ ಕಣ್ಣಿಗೆ, ಬಳಸಿದ್ದು ಒಲೆಗೆ, ಕೈ ಸೋಪಿಗೆ.

ಇನ್ನು ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಮದ್ದು. ಹಳ್ಳಿಯ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕಣ್ಣಿನ ಮುಲಾಮುಗಳಲ್ಲಿ ಕ್ಲೋರಾಮ್‌ಫೆನಿಕಾಲ್ ಇರುವುದುಂಟು. ಇದನ್ನು ಮೊಟ್ಟೆ, ಮಾಂಸ, ಹಾಲು ಕೊಡುವ ಪ್ರಾಣಿಗಳಿಗೆ ಬಳಸುವಂತಿಲ್ಲ. ಅಪರೂಪಕ್ಕೆ ಕೆಲವು ಮನುಷ್ಯರಲ್ಲಿ ಇದು ಎಲುಬಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ, ಇಂತಿಷ್ಟಾದರೆ ಅಪಾಯವಿಲ್ಲ ಎಂದು ಹೇಳುವ ಮಿತಿಯೂ ಇಲ್ಲ. ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಸೇರಿದ ಹನಿ ಇನ್ನೊಂದು ಬಗೆಯ ಕೇಡು. ಕೆಂಪು ಬೇಗ ಇಳಿಯುತ್ತದೆ, ಆದರೆ ಕಣ್ಣುಗುಡ್ಡೆಯ ಮೇಲೆ ಗೀರು ಇದ್ದರೆ ಗಾಯ ಆಳವಾಗಿ ಕಣ್ಣೇ ಹೋಗಬಹುದು. ವೈದ್ಯರು ಬರೆದುಕೊಟ್ಟ ಮುಲಾಮನ್ನು ಹೇಳಿದಷ್ಟು ದಿನ ಪೂರ್ತಿ ಹಾಕುವುದು, ಅವರು ಹೇಳಿದ ದಿನದವರೆಗೆ ಮೊಟ್ಟೆಯನ್ನು ಮನೆಯಲ್ಲೂ ತಿನ್ನದೆ ಸಂತೆಗೂ ಒಯ್ಯದೆ ಇರುವುದು, ಇವೆರಡೂ ಮುಖ್ಯ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಬಹುದು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಮುಖ ಊದಿ, ಜುಟ್ಟು ನೀಲಿಗಟ್ಟಿ ಸತ್ತರೆ ಹಕ್ಕಿಜ್ವರದ ಶಂಕೆಯಿರುತ್ತದೆ. ಆಗ ಕೊಯ್ಯದೆ, ಮಾರದೆ, ಮುಟ್ಟದೆ ಮೊದಲು ಕರೆ ಮಾಡಬೇಕು.

ಕೊನೆಗೆ ಉಳಿದದ್ದು ಊರ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಗುಡಿಸಿಹಾಕಬಲ್ಲ ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ, ಆ ದಶಕದ ಕೊನೆಯಲ್ಲಿ ಕುಮಾಂವ್‌ನ ರಾಣಿಖೇತ್‌ನಲ್ಲೂ ಗುರುತಿಸಿದ ಈ ವೈರಸ್ ರೋಗಕ್ಕೆ ಎರಡೂ ಊರಿನ ಹೆಸರು ಅಂಟಿಕೊಂಡಿದೆ. ಹಸಿರು ಭೇದಿ, ತಿರುಚಿದ ಕುತ್ತಿಗೆ, ನಿತ್ರಾಣದ ಜೊತೆ ಕಣ್ಣು ಕೆಂಪಾಗಿ ಊದುವುದೂ ಇದರ ಲಕ್ಷಣ. ಮನುಷ್ಯರ ಕಣ್ಣಿಗೂ ಇದು ತಗಲಬಲ್ಲದು. ಆಸ್ಟ್ರೇಲಿಯಾದ ಮ್ಯಾಕ್‌ಫಾರ್ಲೇನ್ ಬರ್ನೆಟ್ 1943ರಲ್ಲಿ ಪ್ರಯೋಗಾಲಯದ ಕೆಲಸಗಾರರೊಬ್ಬರ ಕಣ್ಣುರಿಯಲ್ಲಿ ಈ ವೈರಸ್ಸನ್ನು ಗುರುತಿಸಿದರು. ಕೆಲವೇ ದಿನದಲ್ಲಿ ವಾಸಿಯಾಗುವ ಸೌಮ್ಯ ಸೋಂಕು ಅದು, ಆದರೂ ಕಾಯಿಲೆಯ ಕೋಳಿ ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಳ್ಳಬಾರದು.

ಇದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಲಸಿಕೆ ಹೋಗುವ ದಾರಿಯೂ ಕಣ್ಣೇ. ಕೋಳಿಯ ಕಣ್ಣುಗುಡ್ಡೆಯ ಹಿಂದೆ ಹಾರ್ಡರ್ ಗ್ರಂಥಿ ಎಂಬುದೊಂದಿದೆ. ಸ್ವಿಟ್ಜರ್ಲೆಂಡಿನ ಯೋಹಾನ್ ಹಾರ್ಡರ್ 1694ರಲ್ಲಿ ಅದನ್ನು ಜಿಂಕೆಯಲ್ಲಿ ವರ್ಣಿಸಿದ್ದರು. ಮೂರನೇ ರೆಪ್ಪೆಗೆ ತೇವ ಕೊಡುವ ಈ ಗ್ರಂಥಿ ಹಕ್ಕಿಗಳಲ್ಲಿ ರೋಗನಿರೋಧಕ ಕಣಗಳ ಒಂದು ಠಾಣೆಯೂ ಹೌದು. ಕಣ್ಣಿಗೆ ಬಿದ್ದ ಲಸಿಕೆಯ ದುರ್ಬಲ ವೈರಸ್ಸನ್ನು ಅಲ್ಲಿಯ ಕಣಗಳು ಎದುರಿಸಿ, ಕಣ್ಣೀರಿನಲ್ಲೇ ಪ್ರತಿಕಾಯಗಳನ್ನು ಸುರಿಸತೊಡಗುತ್ತವೆ. ರೋಗ ನುಗ್ಗುವ ಬಾಗಿಲಲ್ಲೇ ಕಾವಲು ಕೂತಂತಾಗುತ್ತದೆ. ಮರಿಗೆ ಐದರಿಂದ ಏಳು ದಿನವಾದಾಗ ಲಸೋಟಾ ಲಸಿಕೆಯ ಒಂದು ಹನಿ, ನಾಲ್ಕು ವಾರಕ್ಕೆ ಇನ್ನೊಂದು, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದಾಗಿ ಆರ್‌2ಬಿ, ಇದು ರೂಢಿಯ ಕ್ರಮ. ಲಸಿಕೆ ಬಿದ್ದ ಎರಡು ಮೂರು ದಿನ ಕಣ್ಣು ಸ್ವಲ್ಪ ಕೆಂಪಾಗುವುದು ಸಹಜ.

ಹಳ್ಳಿಯಲ್ಲಿ ಅಡ್ಡ ಬರುವುದು ಲೆಕ್ಕ. ಶೀಷೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವ ಲಸಿಕೆ, ಮನೆಯಲ್ಲಿ ಹತ್ತು ಕೋಳಿ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಫ್ರಿಜ್ಜಿನಿಂದ ಹೊರಬಂದು ವಡಗೇರಾದ ಬಿಸಿಲಿಗೆ ಬಿದ್ದರೆ ಲಸಿಕೆ ಸತ್ತಂತೆಯೇ. ಇದೇ ತೊಡಕನ್ನು ಆಫ್ರಿಕದ ಮೊಜಾಂಬಿಕ್ ಇನ್ನೊಂದು ದಾರಿಯಿಂದ ಬಿಡಿಸಿಕೊಂಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ತಂಡ ಬಿಸಿಲನ್ನು ಹೆಚ್ಚು ತಾಳಿಕೊಳ್ಳುವ ಐ-2 ಎಂಬ ಲಸಿಕೆ ತಳಿಯನ್ನು ರೂಪಿಸಿತ್ತು. ರಾಬಿನ್ ಆಲ್ಡರ್ಸ್ ಮತ್ತು ಅವರ ಸಂಗಡಿಗರು ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಹೆಂಗಸರೂ ಸೇರಿದಂತೆ ಊರಿನವರಿಗೇ ತರಬೇತಿ ಕೊಟ್ಟು, ನಾಲ್ಕು ತಿಂಗಳಿಗೊಮ್ಮೆ ಕೋಳಿಯ ಒಂದು ಕಣ್ಣಿಗೆ ಒಂದು ಹನಿ ಹಾಕಿಸಿದರು. ಹನಿ ಹಾಕಲು ಸೂಜಿ ಬೇಡ, ಪದವಿ ಬೇಡ, ಕಲಿತ ಕೈ ಸಾಕು.

ಯಾದಗಿರಿಯ ಸ್ವಸಹಾಯ ಸಂಘಗಳಲ್ಲಿ ಜಾನುವಾರು ಆರೈಕೆ ಕಲಿತ ಪಶುಸಖಿಯರಿದ್ದಾರೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಒಂದು ಓಣಿಯ ಹತ್ತು ಹದಿನೈದು ಮನೆಗಳು ಒಂದೇ ದಿನ ಗೊತ್ತುಮಾಡಿಕೊಂಡರೆ ನೂರರ ಶೀಷೆ ವ್ಯರ್ಥವಾಗುವುದಿಲ್ಲ. ಹಿಂದಿನ ಸಂಜೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ, ಬೆಳಗ್ಗೆ ಬಿಡುವ ಮೊದಲೇ, ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತಂದ ಲಸಿಕೆಯನ್ನು ಹಾಕಿ ಮುಗಿಸಬೇಕು. ಹನಿ ಕಣ್ಣಿಗೆ ಬಿದ್ದು, ಮೂರನೇ ರೆಪ್ಪೆ ಒಮ್ಮೆ ಸರಿದು, ಹನಿ ಪೂರ್ತಿ ಒಳಗಿಳಿಯುವವರೆಗೆ ಕೋಳಿಯನ್ನು ಬಿಡಬಾರದು. ಆ ಬೆಳಗ್ಗೆ ಯಾವುದಾದರೂ ಕೋಳಿಯ ಕಣ್ಣು ಮುಚ್ಚಿದ್ದರೆ ಅದಕ್ಕೆ ಲಸಿಕೆ ಬೇಡ. ಅದನ್ನು ಬೇರೆ ಬುಟ್ಟಿಯಲ್ಲಿಟ್ಟು, ಕಾರಣ ನೋಡಿ ವಾಸಿಮಾಡಿ, ಮುಂದಿನ ಸುತ್ತಿನ ಲೆಕ್ಕಕ್ಕೆ ಬರೆದುಕೊಳ್ಳಬೇಕು.